ಅಕ್ಕುತಾಯಿಯ ಮನೆಯ ಚಹಾ

ನಮ್ಮ ಅತ್ತೆ ಅಕ್ಕುತಾಯಿಗೆ ಮೂಗಿನ ತುದಿಯಲ್ಲೇ ಸಿಟ್ಟು. ನಾನು ಮದುವೆಯಾಗಿ ತೆಲಸಂಗದಿಂದ ನಿಪ್ಪಾಣಿಗೆ ಬಂದಾಗ ನನಗೆ ಮರಾಠಿ ಬರುತ್ತಿರಲಿಲ್ಲ. ಅತ್ತೆಗೆ ಕನ್ನಡ ಚೆನ್ನಾಗಿಯೇ ಬರುತ್ತಿತ್ತು, ಆದರೆ ಬೈಯುವುದೆಲ್ಲ ಮರಾಠಿಯಲ್ಲಿ. ಹೀಗಾಗಿ ಮೊದಲ ವರ್ಷ ಅವರು ನನ್ನನ್ನು ಏನೇನು ಅಂದರೋ ನನಗೆ ತಿಳಿಯಲೇ ಇಲ್ಲ, ಸಂಸಾರ ಸುಖವಾಗಿ ನಡೆಯಿತು. ಆಮೇಲೆ ಮರಾಠಿ ಕಲಿತೆ, ತಿರುಗಿ ಅನ್ನುವುದನ್ನೂ ಕಲಿತೆ. ಅವರ ಬಗ್ಗೆ ಬರೆಯಲೇ ಎಂದು ಮೊನ್ನೆ ಕೇಳಿದಾಗ, ನೀನು ಮನೆಯವಳು, ಬೇಡ ಅಂದರೆ ಬಿಡುವವಳೂ ಅಲ್ಲ ಅಂದರು. ಅದನ್ನೇ ಒಪ್ಪಿಗೆ ಎಂದುಕೊಂಡು ಬರೆಯುತ್ತಿದ್ದೇನೆ.

ಅತ್ತೆ ಲಂಗ ಉಡುವ ವಯಸ್ಸಿನಲ್ಲೇ ತಂಬಾಕಿನ ವಖಾರಕ್ಕೆ ಹೋದವರು. ತಂಬಾಕು ಸುರಿದು, ಬಡಿದು, ಜರಡಿ ಹಿಡಿದು ಚೀಲ ತುಂಬುವ ಉದ್ದನೆಯ ತಗಡಿನ ಕಟ್ಟಡಕ್ಕೆ ನಮ್ಮಲ್ಲಿ ವಖಾರ ಅನ್ನುತ್ತಾರೆ. ಪುಡಿ ಹಾರಿಹೋದರೆ ಮಾಲಕನಿಗೆ ನಷ್ಟ ಎಂದು ಕಿಟಕಿಗಳನ್ನು ಮುಚ್ಚಿಯೇ ಇಡುತ್ತಿದ್ದರಂತೆ. ಹೆಂಗಸರು ಸೆರಗಿನಿಂದ ಮೂಗು ಬಾಯಿ ಕಟ್ಟಿಕೊಂಡು ದಿನವಿಡೀ ಜರಡಿ ಆಡಿಸಬೇಕು. ಸಂಜೆ ಮನೆಗೆ ಬಂದು ಎಷ್ಟು ಕೈ ತೊಳೆದರೂ ಬಡಿದ ಭಾಕ್ರಿ, ಅಂದರೆ ಜೋಳದ ರೊಟ್ಟಿ, ಕಹಿಯಾಗುತ್ತಿತ್ತು. ನಮ್ಮ ಮನೆಯವರು ಚಿಕ್ಕಂದಿನಲ್ಲಿ ಎಲ್ಲ ಭಾಕ್ರಿಯೂ ಕಹಿಯೇ ಇರುತ್ತದೆ ಎಂದು ತಿಳಿದಿದ್ದರಂತೆ. ಇದನ್ನು ಹೇಳುವಾಗ ಅವರು ನಗುತ್ತಾರೆ, ನನಗೆ ಮಾತ್ರ ಒಮ್ಮೆಯೂ ನಗು ಬಂದಿಲ್ಲ.

ನಾವು ಬೌದ್ಧರು. ನಮ್ಮ ಮಾವನವರ ತಂದೆಯ ಕಾಲಕ್ಕೇ ದೀಕ್ಷೆ ತೆಗೆದುಕೊಂಡ ಮನೆತನ. ಪಡಸಾಲೆಯಲ್ಲಿ ಬುದ್ಧನ ಮೂರ್ತಿ, ಅದರ ಮೇಲೆ ಬಾಬಾಸಾಹೇಬರ ಫೋಟೋ. ನಾವು ಹಳೆಯ ಜಾತಿಯನ್ನು ಬಿಟ್ಟೆವು, ಊರು ಅದನ್ನು ಬಿಡಲಿಲ್ಲ. ನಮ್ಮ ಮನೆಗೆ ಜನ ಬರುತ್ತಾರೆ, ಕೂರುತ್ತಾರೆ, ನಗುತ್ತಾರೆ. ಚಹಾ ತಂದಿಟ್ಟ ಕೂಡಲೇ ಕೆಲವರ ಬಾಯಲ್ಲಿ ಒಂದೇ ಮಾತು, ಈಗಷ್ಟೇ ಕುಡಿದು ಬಂದೆವು. ಅತ್ತೆ ಆ ಮಾತನ್ನು ಜೀವಮಾನವಿಡೀ ಕೇಳಿದ್ದಾರೆ. ಹಾಗೆ ಹೇಳುವವರ ಮುಂದಿನಿಂದ ಕಪ್ಪು-ಬಸಿ ಎತ್ತಿಕೊಂಡು ಒಳಗೆ ಹೋಗಿ, ಹಿತ್ತಲಿನ ಕರಿಬೇವಿನ ಗಿಡದ ಬುಡಕ್ಕೆ ಚಹಾ ಚೆಲ್ಲುತ್ತಾರೆ. ಬೈಯಲು ಅಷ್ಟು ಬರುವ ಬಾಯಿ ಆಗ ಮಾತ್ರ ಮುಚ್ಚಿರುತ್ತದೆ.

ನಾನು ಸದಲಗಾದ ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತೇನೆ. ಕಾಜಲ ಅಲ್ಲಿ ನನ್ನ ಕೈಯಲ್ಲಿ ಓದಿದ ಹುಡುಗಿ. ಜೈನರ ಮನೆಯವಳು. ಅವರದು ಕಬ್ಬಿನ ಹೊಲ, ನಾಲ್ಕಾರು ಎಮ್ಮೆ, ಹಾಲಿನ ವ್ಯಾಪಾರ. ನಿಬಂಧ ಬರೆ ಎಂದರೆ ಪುಟಗಟ್ಟಲೆ ಬರೆಯುವಳು, ಎದುರಿಗೆ ನಿಲ್ಲಿಸಿ ಮಾತಾಡಿಸಿದರೆ ಕಾಲಿನ ಹೆಬ್ಬೆರಳು ನೋಡುವಳು. ಇಂಥವಳು ಚಿಕ್ಕೋಡಿಯ ಕಾಲೇಜಿಗೆ ಹೋಗಿ ಪತ್ರಿಕೋದ್ಯಮ ಆರಿಸಿಕೊಂಡಳು ಎಂದು ಕೇಳಿ ನಾನು ನಕ್ಕುಬಿಟ್ಟಿದ್ದೆ.

ಅದು ಎರಡು ಸಾವಿರದ ಹನ್ನೊಂದನೆಯ ಇಸವಿ. ಕಾಲೇಜಿನ ಮಕ್ಕಳೇ ಬರೆದು ಹೊರತರುವ ಪತ್ರಿಕೆಗೆ ಒಬ್ಬ ದುಡಿದ ಹೆಂಗಸಿನ ಸಂದರ್ಶನ ಬೇಕಾಗಿದೆ, ನಿಪ್ಪಾಣಿಯಲ್ಲಿ ವಖಾರದ ಕೆಲಸ ಮಾಡಿದವರು ಯಾರಾದರೂ ಇದ್ದಾರೆಯೇ ಎಂದು ಕಾಜಲ ಫೋನ್ ಮಾಡಿದಳು. ಒಂದು ಪುಟ ಪೂರ್ತಿ ಅವಳದು, ಅದಕ್ಕೇ ಅಂಕ. ನಾನು ಹಿಗ್ಗಿ, ಹುಡುಕುವುದೇಕೆ, ನಮ್ಮ ಮನೆಯಲ್ಲೇ ಇದ್ದಾರೆ ಅಂದೆ. ಅತ್ತೆ ಮೊದಲು ಬಿಲ್‌ಕುಲ್ ಬೇಡ ಅಂದರು. ಆಮೇಲೆ ಎಷ್ಟು ಗಂಟೆಗೆ ಬರುತ್ತಾಳೆ ಎಂದು ಕೇಳಿದರು. ಆ ಶನಿವಾರ ಮುಂಜಾನೆಯೇ ಪಡಸಾಲೆ ಒರೆಸಿ, ಗುಲಾಬಿ ಬಣ್ಣದ ಸೀರೆ ಉಟ್ಟು ಕೂತುಬಿಟ್ಟಿದ್ದರು.

ಕಾಜಲ ಮಧ್ಯಾಹ್ನದ ಬಿಸಿಲಿನಲ್ಲಿ ಬಸ್ಸಿಳಿದು ನೇರ ಬಂದಳು. ಬಂದವಳೇ ಅತ್ತೆಯ ಕಾಲು ಮುಟ್ಟಿದಳು. ಅಜ್ಜಿಯಂಥವರಿಗೆ ನಮ್ಮ ಕಡೆ ಆಯಿ ಅನ್ನುವುದು ರೂಢಿ, ಹಾಗೆಯೇ ಆಯಿ ಎಂದು ಕರೆದಳು. ತಾನು ಯಾವ ಕಾಲೇಜು, ಪತ್ರಿಕೆಯನ್ನು ಯಾರು ಓದುತ್ತಾರೆ, ಎಲ್ಲಿಯವರೆಗೆ ಹೋಗುತ್ತದೆ ಎಂದು ಪಾಠ ಒಪ್ಪಿಸಿದಂತೆ ಹೇಳಿದಳು. ಯಾವ ಪ್ರಶ್ನೆ ಇಷ್ಟವಿಲ್ಲವೋ ಅದಕ್ಕೆ ಉತ್ತರ ಕೊಡಬೇಕಿಲ್ಲ ಅಂದಳು. ಆಮೇಲೆ ಮೊಬೈಲನ್ನು ಚಾಪೆಯ ಮೇಲಿಟ್ಟು, ನಿಮ್ಮ ಮಾತು ಇದರಲ್ಲಿ ಹಿಡಿಯಬಹುದೇ, ಬೇಡ ಅಂದರೆ ಬಿಡುತ್ತೇನೆ ಎಂದು ಕೇಳಿದಳು. ಅತ್ತೆಯನ್ನು ಅವರ ಜನ್ಮದಲ್ಲಿ ಯಾರೂ ಇಷ್ಟೊಂದು ಸಲ ಅಪ್ಪಣೆ ಕೇಳಿರಲಿಲ್ಲ. ಅವರು ನನ್ನ ಕಡೆ ನೋಡಿ ಹುಬ್ಬು ಹಾರಿಸಿದರು.

ಮಾತು ಶುರುವಾದ ಮೇಲೆ ಅತ್ತೆಯನ್ನು ಹಿಡಿಯುವವರಿಲ್ಲ. ಅರ್ಧ ಕನ್ನಡ, ಅರ್ಧ ಮರಾಠಿ. ಧೂಳು, ಕೆಮ್ಮು, ಹೆತ್ತ ಕೂಸನ್ನು ವಖಾರದ ಹೊರಗೆ ಗಿಡದ ನೆರಳಿಗೆ ಮಲಗಿಸಿ ಬಂದದ್ದು, ಹೆಂಗಸರೆಲ್ಲ ಸೇರಿ ಮೋರ್ಚಾ ಹೋದದ್ದು, ಪೋಲೀಸರ ಜೀಪಿನಲ್ಲಿ ಕೂತು ಹಾಡು ಹೇಳಿದ್ದು. ನಡುವೆ ಮಾಲಕನ ಹೆಸರು ಹಿಡಿದು ಅವನು ಎಂಥವನು ಎಂಬುದನ್ನು ನಾಲ್ಕು ಮಾತಿನಲ್ಲಿ ಹೇಳಿದರು. ಕಾಜಲ ಮೆಲ್ಲಗೆ, ಇದನ್ನು ಹೀಗೇ ಹಾಕಿದರೆ ಕೋರ್ಟಿಗೆ ಎಳೆಯಬಹುದು, ಅವರ ಕಡೆಯ ಮಾತನ್ನೂ ಕೇಳಬೇಕಾಗುತ್ತದೆ ಅಂದಳು. ಅವನು ಸತ್ತು ಎಷ್ಟೋ ವರ್ಷವಾಯಿತು, ಕೇಳುವುದಿದ್ದರೆ ಅಲ್ಲಿಗೇ ಹೋಗಿ ಕೇಳು ಅಂದರು ಅತ್ತೆ. ಮೂವರೂ ನಕ್ಕೆವು.

ಆಮೇಲೆ ಅತ್ತೆ ನನಗೂ ಅದುವರೆಗೆ ಹೇಳಿರದ ಒಂದು ಮಾತು ಹೇಳಿದರು. ವಖಾರದಲ್ಲಿ ಎಲ್ಲ ಜಾತಿಯ ಹೆಂಗಸರೂ ಒಂದೇ ಧೂಳು ಕುಡಿಯುತ್ತಿದ್ದರು, ನೀರು ಮಾತ್ರ ಬೇರೆ. ನಮ್ಮವರ ಬೊಗಸೆಗೆ ಮೇಲಿನಿಂದ ಹೊಯ್ಯುವುದು ಪದ್ಧತಿ. ಅದಕ್ಕೆ ಅತ್ತೆ ಮನೆಯಿಂದಲೇ ತಂಬಿಗೆಯಲ್ಲಿ ನೀರು ಒಯ್ಯುತ್ತಿದ್ದರು. ಒಂದು ದಿನ ಪಕ್ಕದಲ್ಲಿ ಜರಡಿ ಹಿಡಿದ ಮೇಲುಜಾತಿಯ ಗೆಳತಿಗೆ ಧೂಳು ನೆತ್ತಿಗೇರಿ ಉಸಿರು ಕಟ್ಟಿತು, ಕಣ್ಣು ಮೇಲಾದವು. ಅತ್ತೆ ಹಿಂದೆಮುಂದೆ ನೋಡದೆ ತಂಬಿಗೆ ಅವಳ ಬಾಯಿಗೆ ಹಿಡಿದರು. ಅವಳು ಗಟಗಟ ಕುಡಿದಳು. ಇಡೀ ವಖಾರ ನೋಡುತ್ತಿತ್ತು. ಮರುದಿನ ಊಟದ ಹೊತ್ತಿಗೆ ಅವಳು ಎದ್ದು ಬಂದು ಅತ್ತೆಯ ಪಕ್ಕದಲ್ಲಿ ಬುತ್ತಿ ಬಿಚ್ಚಿದಳು, ಕೆಲಸ ಬಿಡುವ ತನಕ ಅಲ್ಲಿಯೇ ಉಂಡಳು.

ಗೆಳತಿಯ ಹೆಸರನ್ನೂ ಹೇಳಿಬಿಟ್ಟ ಅತ್ತೆ ನಾಲಿಗೆ ಕಚ್ಚಿಕೊಂಡರು. ಕಾಜಲಳ ಮೊಣಕೈ ಹಿಡಿದು, "ಆಕಿ ಹೆಸರ ಹಾಕಬ್ಯಾಡವಾ. ನನ್ನ ನೀರ ಕುಡದಿದ್ದು ಆಕಿ ಮನ್ಯಾಗ ಇನ್ನೂ ಯಾರಿಗೂ ಗೊತ್ತಿಲ್ಲ" ಅಂದರು.

ಕಾಜಲ ತಕ್ಷಣ ಮೊಬೈಲಿನ ಗುಂಡಿ ಒತ್ತಿ, ನಿಲ್ಲಿಸಿದ್ದೇನೆ ನೋಡಿ ಎಂದು ತೋರಿಸಿದಳು. ಆ ಹೆಸರು ಪತ್ರಿಕೆಗೂ ಹೋಗುವುದಿಲ್ಲ, ತನ್ನ ಬಾಯಿಂದಲೂ ಹೊರಬೀಳುವುದಿಲ್ಲ, ಊರಲ್ಲಿ ಗುರುತು ಸಿಗುವಂಥದ್ದು ಯಾವುದನ್ನೂ ಬರೆಯುವುದಿಲ್ಲ ಅಂದಳು. ನಾನೂ ಇಲ್ಲಿ ಬರೆದಿಲ್ಲ. ಅತ್ತೆಯ ಮುಖ ಅರಳಿತು. ಹುಡುಗಿ ಮಾತಿಗೆ ಪಕ್ಕಾ ಇದ್ದಾಳೆ ಎಂದು ನನಗಷ್ಟೇ ಕೇಳುವಂತೆ ಮರಾಠಿಯಲ್ಲಿ ಅಂದು ಅಡುಗೆಮನೆಗೆ ಹೋದರು.

ಚಹಾ ಮಾಡಲು ನಾನು ಎದ್ದರೆ ಕೂಡ್ರು ಎಂದು ಗದರಿದರು. ಒಳಗಿನಿಂದ ಕಪಾಟಿನ ಸದ್ದು ಕೇಳಿತು. ನಾನು ಮೆಲ್ಲಗೆ ಇಣುಕಿದರೆ ಅತ್ತೆ ಬಿಳಿ ಅರಿವೆಯಲ್ಲಿ ನೀರು ಸೋಸುತ್ತಿದ್ದರು, ಸೋಸಿದ್ದನ್ನು ಮತ್ತೊಮ್ಮೆ ಸೋಸಿದರು. ಜಜ್ಜಿಟ್ಟ ಹಸಿ ಶುಂಠಿಯನ್ನು ಬದಿಗೆ ಸರಿಸಿದರು, ಜೈನರು ಸೋಸದ ನೀರು ಕುಡಿಯುವುದಿಲ್ಲ, ನೆಲದೊಳಗೆ ಬೆಳೆದದ್ದನ್ನು ತಿನ್ನುವುದಿಲ್ಲ ಎಂದು. ನನ್ನ ಮದುವೆಯಲ್ಲಿ ಕೊಟ್ಟಿದ್ದ, ಯಾರಿಗೂ ಹೊರಗೆ ತೆಗೆಯದ ಹೂವಿನ ಕಪ್ಪು-ಬಸಿಗಳನ್ನು ತೊಳೆದಿಟ್ಟಿದ್ದರು. ಇಷ್ಟು ಜೋಪಾನವಾಗಿ ಚಹಾ ಮಾಡಿದ್ದನ್ನು ನಾನು ಈ ಮನೆಯಲ್ಲಿ ಎಂದೂ ನೋಡಿರಲಿಲ್ಲ.

ಅತ್ತೆ ಕಪ್ಪು ತಂದು ಕಾಜಲಳ ಮುಂದಿಟ್ಟರು. ಅವಳು ಅದನ್ನೊಮ್ಮೆ ನೋಡಿದಳು, ಮುಖ ಕೆಂಪಾಯಿತು, ಮತ್ತೆ ಕಾಲಿನ ಹೆಬ್ಬೆರಳು ನೋಡತೊಡಗಿದಳು.

"ಬ್ಯಾಡ್ರಿ ಆಯಿ. ಈಗ ಕುಡದ ಬಂದೀನ್ರಿ."

ಬಸ್ಸಿಳಿದು ನೇರ ಬಂದವಳು ಎಲ್ಲಿ ಕುಡಿದಳು? ಅತ್ತೆ ಕಪ್ಪು ಎತ್ತಿಕೊಂಡು ಹಿತ್ತಲಿಗೆ ಹೋದರು. ತಿರುಗಿ ಬಂದು ನಿಂತೇ ಮಾತಾಡಿದರು.

"ನಾ ಹೇಳಿದ್ದೆಲ್ಲಾ ಅಳಸಿಬಿಡು."

ಕಾಜಲ ತಲೆಯೆತ್ತಿ ಯಾಕೆ ಎಂದು ಕೇಳಿದಳು. ಅತ್ತೆ ಉತ್ತರ ಕೊಡಲಿಲ್ಲ. ಪುಟ ಅಚ್ಚಿಗೆ ಹೋಗಲು ಎರಡೇ ದಿನ ಉಳಿದಿತ್ತು, ಬೇರೆ ಸಂದರ್ಶನ ಅವಳ ಕೈಯಲ್ಲಿ ಇರಲಿಲ್ಲ. ಒಮ್ಮೆ ಒಪ್ಪಿದ್ದೀರಲ್ಲ ಎಂದು ವಾದಿಸಬಹುದಿತ್ತು, ಮನೆಗೆ ಹೋಗಿ ಅಳಿಸುತ್ತೇನೆ ಎಂದು ಹೇಳಿ ಜಾರಿಕೊಳ್ಳಲೂ ಬಹುದಿತ್ತು. ಅವಳು ಎರಡನ್ನೂ ಮಾಡಲಿಲ್ಲ. ಮೊಬೈಲನ್ನು ಅತ್ತೆಯ ಕಣ್ಣೆದುರಿಗೆ ಹಿಡಿದು, ಅಳಿಸಿ, ಪಟ್ಟಿ ಖಾಲಿಯಾದದ್ದನ್ನು ತೋರಿಸಿ, ಕಾಲು ಮುಟ್ಟಿ ಹೋದಳು.

ನಾನು ಚಪ್ಪಲಿಯನ್ನೂ ಮೆಟ್ಟದೆ ಅವಳ ಬೆನ್ನು ಹತ್ತಿದೆ. ಕಲಿಸಿದವಳ ಸಿಟ್ಟು ಒಂದು, ಸೊಸೆಯ ಸಿಟ್ಟು ಇನ್ನೊಂದು, ಎರಡೂ ಕೂಡಿದ್ದವು. ಬಸ್ ಸ್ಟ್ಯಾಂಡಿನ ಗೋಡೆಯ ಹತ್ತಿರ ಹಿಡಿದು ನಿಲ್ಲಿಸಿ, ನಮ್ಮ ಮನೆಯ ಚಹಾಕ್ಕೆ ಏನಾಗಿತ್ತು, ನೀನೂ ಹಾಗೆಯೇ ಆದೆಯಾ ಎಂದು ಕೇಳಿದೆ. ಅವಳಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಅಳಲು ಶುರುಮಾಡಿದಳು.

"ಮಾತ ಕೇಳಾಕ ಹೋದ ಮನ್ಯಾಗ ಏನೂ ತಗೋಬಾರ್ದಂತ ಸರ್ ಹೇಳ್ಯಾರ್ರಿ ಟೀಚರ. ಚಹಾನೂ ಕುಡೀಬಾರ್ದಂತ."

ಹಿಂದಿನ ವರ್ಷದ ಹುಡುಗರು ಯಾರೋ ದೊಡ್ಡ ಮನುಷ್ಯರ ಸಂದರ್ಶನಕ್ಕೆ ಹೋಗಿ, ಹೋಳಿಗೆ ಊಟ ಹೊಡೆದು, ಪೆನ್ನು ಡೈರಿ ಇಸಿದುಕೊಂಡು ಬಂದು ಪುಟದ ತುಂಬ ಹೊಗಳಿದ್ದರಂತೆ. ಅವತ್ತಿನಿಂದ ಅವರ ಸರ್ ಈ ಕಟ್ಟಳೆ ಹಾಕಿದ್ದರು. ಹಾಗಾದರೆ ಇದ್ದದ್ದನ್ನು ಇದ್ದಂತೆ ಹೇಳಬೇಕಿತ್ತಲ್ಲ, ಕುಡಿದು ಬಂದೆ ಎಂದು ಯಾಕೆ ಸುಳ್ಳಾಡಿದೆ ಎಂದೆ. ನಿಮ್ಮ ಚಹಾ ಲಂಚ ಇದ್ದ ಹಾಗೆ ಎಂದು ಆಯಿಯ ಮುಖಕ್ಕೆ ಹೇಗೆ ಹೇಳಲಿ, ನೋವಾಗದಿರಲಿ ಎಂದು ಬಾಯಿಗೆ ಬಂದದ್ದನ್ನು ಅಂದೆ ಅಂದಳು. ಆ ಸರ್ ನಮ್ಮ ಊರುಗಳಲ್ಲಿ ಯಾವತ್ತೂ ಯಾರ ಮನೆಗೂ ಹೋಗಿಲ್ಲವೇನು ಎಂದು ನಾನು ಅವರನ್ನೂ ಎರಡು ಮಾತು ಬೈದೆ. ಆದರೆ ಹುಡುಗಿಯ ಮೇಲಿನ ನನ್ನ ಸಿಟ್ಟು ಅಲ್ಲಿಯೇ ಇಳಿದುಹೋಯಿತು.

ಮನೆಗೆ ಬಂದು ಎಲ್ಲವನ್ನೂ ಹೇಳಿದೆ. ಅತ್ತೆ ಮೊರ ಹಿಡಿದು ಜೋಳ ಹಸನು ಮಾಡುತ್ತಿದ್ದರು, ಕೈ ನಿಲ್ಲಿಸಲಿಲ್ಲ.

"ಎಲ್ಲಾರಿಗೂ ಏನರ ಒಂದ ಕಾನೂನ ಇರತೈತಿ ಕಾಂಚನಾ. ಒಬ್ಬರಿಗೆ ಉಪಾಸ ಇರತೈತಿ, ಒಬ್ಬರಿಗೆ ಡಾಕ್ಟರ ಬ್ಯಾಡ ಅಂದಿರತಾನ. ನಮ್ಮ ಬಾಗಲ ದಾಟಿದ ಮ್ಯಾಲ ನೆನಪ ಆಗತಾವ."

ಹತ್ತನೆಯ ತರಗತಿ ಪಾಸಾದಾಗ ನಾನು ಕೊಟ್ಟ ಪೇಢೆಯನ್ನು ಇದೇ ಕಾಜಲ ನನ್ನ ಕೈಯಿಂದಲೇ ತಿಂದಿದ್ದಳು ಎಂದು ನೆನಪಿಸಿದೆ. ಪೇಢೆ ಅಂಗಡಿಯದು ಅಂದರು ಅತ್ತೆ. ಅವರ ಮಾತು ನಿಜ. ಅಂಗಡಿಯ ಪೇಢೆಯನ್ನು ಯಾರೂ ಬೇಡ ಅನ್ನುವುದಿಲ್ಲ, ನಮ್ಮ ಒಲೆಯ ಮೇಲೆ ಕುದಿದದ್ದೇ ಬೇರೆ. ಹುಡುಗಿ ಹೇಳಿದ್ದು ಸತ್ಯ ಎಂದು ನನಗೆ ಗೊತ್ತಿತ್ತು. ಆದರೆ ಅತ್ತೆಯ ಮುಂದೆ ಅದನ್ನು ಮಾತಿನಲ್ಲಿ ಸಾಬೀತು ಮಾಡುವ ದಾರಿ ಇರಲಿಲ್ಲ, ಅಷ್ಟು ನೆಪ ಅವರು ಕೇಳಿಯಾಗಿತ್ತು. ಪತ್ರಿಕೆಯಲ್ಲಿ ಹೆಸರು ಬರಲಿಲ್ಲ ಎಂಬ ಚಿಂತೆ ಅವರಿಗೆ ಕಿಂಚಿತ್ತೂ ಇರಲಿಲ್ಲ. ಕಾಲು ಮುಟ್ಟಿ ಆಯಿ ಎಂದವಳು ತನ್ನ ಕೈಯ ಚಹಾ ಕುಡಿಯಲಿಲ್ಲ ಎಂಬುದೊಂದೇ ಅವರ ಎದೆಯಲ್ಲಿ ಕೂತಿತ್ತು. ಅವತ್ತಿನಿಂದ ಅತ್ತೆ ನನ್ನನ್ನು ಬೈಯುವುದನ್ನೂ ಬಿಟ್ಟರು. ಮನೆ ಭಣಗುಟ್ಟುತ್ತಿತ್ತು.

ಪತ್ರಿಕೆ ಬಂತು. ಕಾಜಲಳ ಪುಟದಲ್ಲಿ ಕಾಲೇಜಿನ ಕ್ರೀಡಾಕೂಟದ ಫೋಟೋಗಳನ್ನು ತುಂಬಿದ್ದರು. ಅವಳಿಗೆ ಅಂಕ ಹೋಯಿತು ಎಂದು ಅವಳ ಗೆಳತಿ ಸಪನಾ ಬಸ್ಸಿನಲ್ಲಿ ಸಿಕ್ಕಾಗ ಹೇಳಿದಳು. ಸಂದರ್ಶನ ಯಾಕೆ ತಪ್ಪಿತು ಎಂದು ಸರ್ ಎಷ್ಟು ಕೇಳಿದರೂ, ಮಾತು ಕೊಟ್ಟವರು ವಾಪಸ್ಸು ತೆಗೆದುಕೊಂಡರು ಎಂದಷ್ಟೇ ಹೇಳಿ ಬೈಸಿಕೊಂಡಳಂತೆ. ಆಮೇಲೆ ನಾನು ಫೋನಿನಲ್ಲಿ, ನಡೆದದ್ದನ್ನು ಹೇಳಿದ್ದರೆ ಸರ್ ಅಂಕ ಕೊಡುತ್ತಿದ್ದರೇನೋ ಅಂದೆ. ಆಯಿಯೇ ಕಾರಣ ಹೇಳಿಲ್ಲ ಅಂದಮೇಲೆ ಅದನ್ನು ಹೇಳಲು ನಾನು ಯಾರು ಅಂದಳು. ಈ ಮಾತನ್ನು ಅತ್ತೆಗೆ ಮುಟ್ಟಿಸಿದೆ. ಅವರು ಹೂಂ ಅಂದರು, ಅಷ್ಟೇ.

ಒಂದು ಭಾನುವಾರ ಹೊತ್ತು ಇಳಿಯುವಾಗ ಕಾಜಲ ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ಚೀಲವಿಲ್ಲ, ಮೊಬೈಲೂ ಇಲ್ಲ. ದಾರಿಯಲ್ಲಿ ಬಸ್ಸು ಪಂಕ್ಚರಾಗಿ ತಡವಾಗಿತ್ತು. ಅತ್ತೆ ಪಡಸಾಲೆಯಲ್ಲಿ ಕೌದಿ ಹೊಲಿಯುತ್ತಿದ್ದರು. ಬಾ ಅನ್ನಲಿಲ್ಲ, ಹೋಗು ಅನ್ನಲೂ ಇಲ್ಲ. ಅವಳು ಒಳಗೆ ಬಂದು ನೆಲದ ಮೇಲೆಯೇ ಕೂತಳು. ಈ ಸಲ ಹೆಬ್ಬೆರಳು ನೋಡಲಿಲ್ಲ, ಅತ್ತೆಯ ಮುಖವನ್ನೇ ನೋಡಿದಳು.

"ಇವತ್ತ ನಾ ಪತ್ರಿಕಾದಾಕಿ ಅಲ್ರಿ ಆಯಿ. ಚಹಾ ಕುಡ್ಯಾಕ ಬಂದೀನಿ."

ಅತ್ತೆ ಸೂಜಿಗೆ ದಾರ ಪೋಣಿಸುತ್ತಲೇ ಇದ್ದರು. ಪೋಣಿಸಿದ ಮೇಲೆ ಕೇಳಿದರು.

"ಕುಡದ ಬಂದಿಲ್ಲೇನು?"

"ಇಲ್ರಿ. ಮುಂಜಾನಿಂದ ಕುಡದಿಲ್ಲ."

ಅತ್ತೆ ಕೌದಿ ಸರಿಸಿ, ಮೊಣಕಾಲಿನ ಮೇಲೆ ಕೈಯೂರಿ ಎದ್ದರು. ನಾನು ಸುಮ್ಮನೆ ಗೋಡೆಗೆ ಒರಗಿ ಕೂತೆ. ಒಳಗೆ ಸ್ಟೋವ್ ಭರ್ರೆಂದಿತು. ಅತ್ತೆ ನಡುನಡುವೆ ಹಿತ್ತಲ ಬಾಗಿಲಿಗೆ ಹೋಗಿ ಆಕಾಶ ನೋಡಿ ಬರುತ್ತಿದ್ದರು. ಜೈನರು ಹೊತ್ತು ಮುಳುಗಿದ ಮೇಲೆ ಬಾಯಿಗೆ ಏನನ್ನೂ ಹಾಕುವುದಿಲ್ಲ. ಕಾಜಲ ಅವಸರ ಮಾಡಲಿಲ್ಲ, ಆದರೆ ಅತ್ತೆಗೆ ಅವಸರವಿತ್ತು. ಹಾಲು ಕಾಯುವುದು ತಡವಾಯಿತೆಂದು ಸ್ಟೋವನ್ನು ಮರಾಠಿಯಲ್ಲಿ ಬೈದರು. ಎಷ್ಟೋ ದಿನದ ಮೇಲೆ ಆ ಬೈಗುಳ ಕೇಳಿ ನನ್ನ ಕಣ್ಣು ತುಂಬಿ ಬಂದವು.

ಹೂವಿನ ಕಪ್ಪು-ಬಸಿ ಬಂತು. ಕಾಜಲ ಬಸಿಗೆ ಸುರಿದು, ಆರುವುದನ್ನೂ ಕಾಯದೆ ಕುಡಿದಳು. ನಾಲಿಗೆ ಸುಟ್ಟಿತು, ಮುಖ ಹಿಂಡಿದಳು, ಮತ್ತೆ ಸುರಿದುಕೊಂಡಳು. ಅತ್ತೆ ಎದುರಿಗೆ ಕುಕ್ಕರಗಾಲಿನಲ್ಲಿ ಕೂತು ಅವಳ ಗಂಟಲು ಏರಿಳಿಯುವುದನ್ನು ನೋಡುತ್ತಿದ್ದರು. ತಳದಲ್ಲಿ ಒಂದು ಹನಿಯೂ ಉಳಿಯಲಿಲ್ಲ.

ನಿನ್ನ ಮೊಬೈಲು ತೆಗೆದುಕೊಂಡು ಬಾ, ಇನ್ನೊಮ್ಮೆ ಎಲ್ಲ ಹೇಳುತ್ತೇನೆ ಅಂದರು ಅತ್ತೆ. ಕಾಜಲ ಬೇಡ ಎಂದು ತಲೆಯಾಡಿಸಿದಳು. ಮುಂದಿನ ಸಂಚಿಕೆಗೆ ಪುಟ ಕೊಡುತ್ತೇನೆ ಎಂದು ಸರ್ ಹೇಳಿದ್ದರಂತೆ, ಆದರೆ ಚಹಾ ಕುಡಿದ ಮೇಲೆ ತಾನು ಆಯಿಯ ಬಗ್ಗೆ ಬರೆಯುವಂತಿಲ್ಲ. ಬೇಕಾದರೆ ಸಪನಾಳನ್ನು ಕಳಿಸುತ್ತೇನೆ, ಅವಳು ಬರೆಯುತ್ತಾಳೆ ಅಂದಳು. ನನಗೆ ಜೀವ ಚಡಪಡಿಸಿತು. ಅಷ್ಟು ದೊಡ್ಡ ಬದುಕು ಒಂದು ಕಪ್ಪು ಚಹಾದ ಸಲುವಾಗಿ ಅಚ್ಚಾಗದೆ ಹೋಗುತ್ತದಲ್ಲ ಎಂದು ನಡುವೆ ಬಾಯಿ ಹಾಕಿದೆ. ಅತ್ತೆ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಸಪನಾ ಬೇಡ, ಯಾರೂ ಬೇಡ, ಹೇಳಬೇಕಾದವಳಿಗೆ ಹೇಳಿಯಾಗಿದೆ ಅಂದರು.

ಪಾತೇಲಿಯಲ್ಲಿ ಇನ್ನೂ ಅರ್ಧ ಚಹಾ ಇತ್ತು. ಅತ್ತೆ ಅದನ್ನು ಎತ್ತಿಕೊಂಡು ಬಂದರು. ಬೇಕೇ ಎಂದು ಕೇಳುವ ಮೊದಲೇ ಕಾಜಲ ಕಪ್ಪು ಮುಂದೆ ಹಿಡಿದಳು. ಅತ್ತೆ ಸುರಿಯಲು ಬಗ್ಗಿದವರು ಬಾಗಿಲ ಕಡೆ ನೋಡಿ ನಿಂತುಬಿಟ್ಟರು. ಓಣಿಯ ಮೇಲಿನ ಬೆಳಕು ಹೋಗಿತ್ತು, ಎದುರುಮನೆಯಲ್ಲಿ ದೀಪ ಹಚ್ಚಿದ್ದರು. ಕಾಜಲಳೂ ನೋಡಿದಳು. ಆದರೂ ಕಪ್ಪು ಕೆಳಗಿಳಿಸಲಿಲ್ಲ. ಇವತ್ತು ಒಂದು ದಿನ ನಡೆಯುತ್ತದೆ, ಹಾಕಿ ಅಂದಳು.

ಅತ್ತೆ ಪಾತೇಲಿಯನ್ನು ಕೆಳಗಿಟ್ಟು, ಅದರ ಮೇಲೆ ತಾಟು ಮುಚ್ಚಿದರು. ಅವಳ ಕೈಯಿಂದ ಕಪ್ಪು ಬಿಡಿಸಿಕೊಂಡು, ಆ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದರು.

"ಯಾಕ ನಡೀಬೇಕು? ಹೊತ್ತ ಮುಳಗೇತವಾ. ನಿನ್ನ ನೇಮ ನೀ ಇಟ್ಕೋ. ನನಗ ಆತು. ನಾಳೆ ಬಿಸಲ ಇರೂದ್ರಾಗ ಬಾ, ಹೊಸಾದ್ ಮಾಡತೀನಿ."